ಸಹಾಯ ಬೇಕು: ಬೊಲೆರೊ ಪಿಕಪ್‌ಗೆ ಯಾವ ಆಯಿಲ್, ಯಾವ ಫಿಲ್ಟರ್?

ಎಲ್ರಿಗೂ ನಮಸ್ಕಾರ. ನಮ್ದು ಬಿಎಸ್4 ಬೊಲೆರೊ ಪಿಕಪ್, 2018ರ ಮಾಡೆಲ್. ಶ್ರೀನಿವಾಸಪುರ ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಹೊಡಿತೀವಿ, ಸೀಸನ್ ಬಂತಂದ್ರೆ ಗಾಡಿಗೆ ರೆಸ್ಟೇ ಇಲ್ಲ, ಫುಲ್ ಲೋಡು, ತೋಟದ ದಾರಿಯೆಲ್ಲಾ ಬರೀ ಧೂಳು.

ಇಷ್ಟು ದಿನ 15ಡಬ್ಲ್ಯೂ-40 ಸಿಐ-4 ಪ್ಲಸ್ ಗ್ರೇಡ್ ಇಂಜಿನ್ ಆಯಿಲ್ ಹಾಕಿಸ್ತಿದ್ದೆ, ಈ ಸಲ ಅಂಗಡಿಯವ್ರು ಅದಕ್ಕಿಂತ ಹೊಸ ಗ್ರೇಡ್ ಸಿಕೆ-4 ತಗೊಳ್ಳಿ ಅಂತಿದಾರೆ. ಅದು ಹಳೇ ಗಾಡಿಗೂ ನಡಿಯುತ್ತೆ ಸರಿ, ಆದ್ರೆ ಅದನ್ನ ಮಾಡಿರೋದೇ ಮುಖ್ಯವಾಗಿ ಡಿಪಿಎಫ್ (ಸೈಲೆನ್ಸರ್ ಲೈನಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಹೊಸ ಇಂಜಿನ್‌ಗಳನ್ನ ನೋಡ್ಕೊಂಡು, ನಮ್ಗೆ ಡಿಪಿಎಫ್ಫೇ ಇಲ್ವಲ್ಲ, ಜಾಸ್ತಿ ದುಡ್ಡು ಕೊಟ್ಟು ಹಾಕಿಸಿದ್ರೆ ಲೋಡ್ ಗಾಡಿಲಿ ವ್ಯತ್ಯಾಸ ಗೊತ್ತಾಗುತ್ತಾ? ಎರಡೂ ಹಾಕಿ ಓಡಿಸಿರೋರು ದಯವಿಟ್ಟು ಹೇಳಿ.

ಇನ್ನೊಂದು ಡೀಸೆಲ್ ಫಿಲ್ಟರ್ ವಿಷ್ಯ. ಮೊನ್ನೆ ಕೆಳಗಿನ ಸ್ಕ್ರೂ ಲೂಸ್ ಮಾಡಿ ಗಾಜಿನ ಬಾಟ್ಲಿಗೆ ಬಿಟ್ಟು ನೋಡ್ದೆ, ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಬೇರೆಯಾಗಿ ನಿಂತ್ಕೊಳ್ತು. ತುಂಬಾ ಪ್ರೆಶರ್‌ನಲ್ಲಿ ಡೀಸೆಲ್ ಹೊಡಿಯೋ ಕಾಮನ್ ರೈಲ್ ಇಂಜಿನ್‌ಗೆ ನೀರು ಹೋದ್ರೆ ಪಂಪು, ಇಂಜೆಕ್ಟರ್ ಎರಡೂ ಹಾಳು, ಅದ್ಕೇ ಭಯ. ಬರೀ ಫಿಲ್ಟರ್ ಚೇಂಜ್ ಸಾಕಾ, ಟ್ಯಾಂಕೇ ಇಳಿಸಿ ಕ್ಲೀನ್ ಮಾಡಿಸ್ಬೇಕಾ? ಇದರಲ್ಲಿ ಲೋಕಲ್ ಫಿಲ್ಟರ್ ಹಾಕೋಕೆ ನಂಗೆ ಮನಸಿಲ್ಲ, ಒರಿಜಿನಲ್ಲೇ ಬೇಕು.

ಏರ್ ಫಿಲ್ಟರ್ ಗಾಳಿ ಹೊಡ್ದು ಮತ್ತೆ ಹಾಕ್ತಿದೀವಿ, ಧೂಳಲ್ಲಿ ಓಡಿಸೋರು ಎಷ್ಟು ಕಿಲೋಮೀಟರ್‌ಗೆ ಹೊಸದು ಹಾಕ್ತೀರಾ? ಕೋಲಾರ, ಚಿಂತಾಮಣಿ ಕಡೆ ಒರಿಜಿನಲ್ ಫಿಲ್ಟರ್ ಸಿಗೋ ಅಂಗಡಿ ಗೊತ್ತಿದ್ರೂ ತಿಳಿಸಿ ಅಣ್ಣಂದಿರೇ, ಸೋಮವಾರ ಗಾಡಿ ಸರ್ವಿಸ್‌ಗೆ ಬಿಡ್ಬೇಕು.