ಫೋಮ್ ಸುರಿದು ಸೀಟು ಮಾಡಿದವರು ಇದ್ದೀರಾ?

ಹುಬ್ಬಳ್ಳಿ ಹುಡುಗ: ನಾವು ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳ ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಕಾರು ಕಟ್ಟುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಫೈಬರ್ ಸೀಟು ಸಿದ್ಧವಿದೆ, ಆದರೆ ಅದು ನಮ್ಮ ತಂಡದ ದಪ್ಪನೆಯ ಗೆಳೆಯನ ಅಳತೆಯದ್ದು. ನಾನು 54 ಕೆ.ಜಿ. ತಿರುವು ಬಂದಾಗ ಒಳಗೇ ಜಾರುತ್ತೇನೆ, ಸ್ಟೀರಿಂಗ್ ಹಿಡಿದು ಜೋತು ಬೀಳೋ ಹಾಗಾಗುತ್ತೆ. ನನ್ನ ಮೈ ಅಳತೆಗೆ ಸೀಟಿನೊಳಗೆ ಕೂರುವ ಫೋಮ್ ಅಚ್ಚು, ಅಂದರೆ ಇನ್ಸರ್ಟ್, ಮಾಡಬೇಕು. ಮಾಡಿದ ಅಣ್ಣ-ಅಕ್ಕಂದಿರು ಹೇಗಾಯ್ತು ಅಂತ ಹೇಳಿ.

ಹಳೇ ಡ್ರೈವರ್: ತಮ್ಮಾ, ಬಾಗಿಲ ಚೌಕಟ್ಟಿನ ಸಂದಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಫೋಮ್ ಮಾತ್ರ ತರಬೇಡ. ನಾವು ತಂದಿದ್ದೆವು. ಅದು ಗಾಳಿಯ ತೇವ ಹೀರಿ ಗಟ್ಟಿಯಾಗುವ ಜಾತಿ. ಫೋಮ್ ಸುರಿಯುವುದು ಸೀಟಿಗೂ ಮೈಗೂ ನಡುವೆ ಇಟ್ಟ ಕಸದ ಚೀಲದೊಳಗೆ, ಅಲ್ಲಿ ತೇವ ಎಲ್ಲಿಂದ ಬರಬೇಕು? ಮರುದಿನ ಚೀಲ ಕೊಯ್ದರೆ ಅಂಚು ಗಟ್ಟಿ, ನಡುವೆ ಹಲಸಿನ ಮೇಣ. ನನ್ನ ಕೈಗೆ ಅಂಟಿದ್ದು ಉದುರಲು ವಾರ ಹಿಡಿಯಿತು. ಒಣಗಿದ ಮೇಲೆ ಅಸಿಟೋನ್‌ಗೂ ಅದು ಬಗ್ಗಲ್ಲ.

ಎರಡು ಡಬ್ಬಿಯ ದ್ರವ ಬೆರೆಸುವ ಪಿಯು (ಪಾಲಿಯುರೆಥೇನ್) ಫೋಮ್ ತಗೋ. ಫೈಬರ್ ರೆಸಿನ್ ಮಾರುವವರಲ್ಲಿ ವಿಚಾರಿಸು. ಬೆರೆಸಿದ ಮೇಲೆ ಯೋಚನೆ ಮಾಡಲು ಸಮಯವೇ ಇರಲ್ಲ, ನೋಡನೋಡುತ್ತಲೇ ಉಬ್ಬುತ್ತೆ. ಹಾಗಾಗಿ ಮೊದಲು ಒಂದು ಲೋಟದಲ್ಲಿ ಬೆರೆಸಿ, ಎಷ್ಟು ಹೊತ್ತಿಗೆ ಏಳುತ್ತೆ, ಎಷ್ಟು ಬಿಸಿಯಾಗುತ್ತೆ ಅಂತ ನೋಡು. ಒಂದೇ ಸಲ ಜಾಸ್ತಿ ಸುರಿದರೆ ಬೆನ್ನು ಸುಡುತ್ತೆ. ಬಾಗಿಲು ತೆರೆದಿಟ್ಟು, ಕೈಗವಸು, ಕನ್ನಡಕ, ರಾಸಾಯನಿಕದ ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ. ಆ ಹೊಗೆ ಒಳ್ಳೆಯದಲ್ಲ. ಅಸ್ತಮಾ ಇರುವವರು ಹತ್ತಿರ ಬರಲೇಬಾರದು.

ಇನ್ನು ಕೂರುವ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಫೋಮ್ ಉಬ್ಬುವಾಗ ಮನುಷ್ಯನನ್ನೇ ಮೇಲೆತ್ತುತ್ತೆ. ನನ್ನ ಮೊದಲ ಸೀಟು ತುಂಬಾ ಹಿತವಾಗಿತ್ತು, ಆದರೆ ಹೆಲ್ಮೆಟ್ ರೋಲ್ ಹೂಪ್ (ಕಾರು ಮಗುಚಿದರೆ ತಲೆ ಕಾಯುವ ಕೊಳವೆಯ ಕಮಾನು) ಗೆರೆಗೆ ತಾಗುವಷ್ಟು ಎತ್ತರ ಬಂದಿತ್ತು. ಮುಂದಿನ, ಹಿಂದಿನ ಹೂಪ್‌ಗಳ ತುದಿಗೆ ದಾರ ಎಳೆದರೆ ಹೆಲ್ಮೆಟ್ ಅದಕ್ಕಿಂತ 50 ಮಿ.ಮೀ. ಕೆಳಗಿರಬೇಕು, ಗೊತ್ತಲ್ವಾ? ಪೂರ್ತಿ ಸೀಟು ಬಿಸಾಕಿದೆವು. ಅದಕ್ಕೇ ತಳಕ್ಕೆ ಏನೂ ಸುರಿಯಬೇಡ. ಬೆನ್ನಿನ ಹಿಂದೆ, ಪಕ್ಕೆಗೆ, ತೊಡೆಯ ಬದಿಗೆ ಮಾತ್ರ, ಸ್ವಲ್ಪ ಸ್ವಲ್ಪವಾಗಿ, ಮೂರ್ನಾಲ್ಕು ಸಲ. ರೇಸಿಂಗ್ ಸೂಟು, ಹೆಲ್ಮೆಟ್ ಹಾಕು. ಬೆಲ್ಟ್ ಬಿಗಿ. ಕೈ ಸ್ಟೀರಿಂಗ್ ಮೇಲೆ, ಕಾಲು ಪೆಡಲ್ ಮೇಲೆ. ಹಾಗೇ 20 ನಿಮಿಷ ಅಲುಗಬೇಡ. ಫೋಟೋಗೆ ಕೂತ ಹಾಗೆ ಹೊಟ್ಟೆ ಒಳಗೆಳೆದುಕೊಳ್ಳಬೇಡ, ಆಮೇಲೆ ಓಡಿಸುವಾಗ ಉಸಿರಾಡಲು ಜಾಗ ಇರಲ್ಲ!

ಚೀಲ ದಪ್ಪದ್ದಿರಲಿ, ಒಂದರೊಳಗೆ ಒಂದು ಹಾಕು. ಸುಕ್ಕು ಬಿಡಿಸು. ಒಂದೇ ಒಂದು ಮಡಿಕೆ ಉಳಿದರೂ ಅದು ಫೋಮಿನಲ್ಲಿ ಏಣಾಗಿ ಬೆನ್ನಿಗೆ ಒತ್ತುತ್ತೆ.

ಕೊಯಮತ್ತೂರಿಗೆ ಹೋಗಿಬಂದವಳು: ಅಣ್ಣ ಹೇಳಿದ್ದೆಲ್ಲ ಸರಿ. ನನ್ನದೊಂದು ಸೇರಿಸ್ತೀನಿ. ಸ್ಪರ್ಧೆಯ ದೂರದ ಓಟ ಎಂಡ್ಯೂರೆನ್ಸ್ ಸುಮಾರು 22 ಕಿ.ಮೀ., ಅರ್ಧದಲ್ಲಿ ಡ್ರೈವರ್ ಬದಲಾಗಬೇಕು. ಸಿಗುವುದು ಮೂರೇ ನಿಮಿಷ, ಅಷ್ಟರಲ್ಲಿ ಇನ್ಸರ್ಟ್ ಹೊರತೆಗೆಯಬೇಕು. ಕೊಯಮತ್ತೂರಿನ ‘ಕಾರಿ’ ಅನ್ನೋ ರೇಸ್ ಟ್ರ್ಯಾಕಿನಲ್ಲಿ ನಮ್ಮ ಇನ್ಸರ್ಟ್ ಸೀಟಿಗೆ ಕಚ್ಚಿಕೊಂಡು ಕೂತುಬಿಟ್ಟಿತು. ಇಬ್ಬರು ಎಳೆದರೂ ಬರಲಿಲ್ಲ. ಇನ್ಸರ್ಟಿನ ಹಿಂಬದಿ ಸ್ವಲ್ಪ ಇಳಿಜಾರಾಗಿ ಕೆತ್ತಿ, ಮೇಲ್ಗಡೆ ಬೆಲ್ಟ್ ಪಟ್ಟಿಯ ಹಿಡಿ ಕೂರಿಸಿ. ಡ್ರೈವರ್ ಐದು ಸೆಕೆಂಡಿನಲ್ಲಿ ಕಾರಿನಿಂದ ಹೊರಗೆ ಬರುವ ಪರೀಕ್ಷೆಯನ್ನೂ ಇನ್ಸರ್ಟ್ ಹಾಕಿಯೇ ಅಭ್ಯಾಸ ಮಾಡಿ, ಪಕ್ಕದ ದಿಂಡು ಜಾಸ್ತಿ ಎತ್ತರ ಇದ್ದರೆ ಸೊಂಟ ಸಿಕ್ಕಿಕೊಳ್ಳುತ್ತೆ. ಬೆಲ್ಟ್ ತೂತುಗಳಲ್ಲಿ ರಟ್ಟಿನ ತುಂಡು ನಿಲ್ಲಿಸಿ ಸುರಿದರೆ ಆಮೇಲೆ ಕೊರೆಯುವ ಕಷ್ಟ ಇಲ್ಲ.

ಹಳೇ ಡ್ರೈವರ್: ಹೌದು ತಂಗಿ, ಅದು ಮರೆತಿದ್ದೆ. ಇನ್ನೊಂದು, ಬರೀ ಫೋಮ್ ಬೆಂಕಿಗೆ ಸಿಕ್ಕರೆ ಕೆಟ್ಟ ಹೊಗೆ. ಬೆಂಕಿ ತಡೆಯುವ ಬಟ್ಟೆಯಲ್ಲಿ ಪೂರ್ತಿ ಮುಚ್ಚಬೇಕು. ದುಡ್ಡಿದ್ದರೆ ರೆಸಿನ್ ಬೆರೆಸಿದ ಥರ್ಮಾಕೋಲ್ ಮಣಿಗಳ ಕಿಟ್ ಇನ್ನೂ ಒಳ್ಳೆಯದು. ಉಬ್ಬಲ್ಲ, ಹಾಗಾಗಿ ಮೈಯನ್ನು ಮೇಲೆತ್ತಲ್ಲ. ಚೀಲದ ಗಾಳಿ ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಬೇಕು, ಅಷ್ಟೇ.

ಹುಬ್ಬಳ್ಳಿ ಹುಡುಗ: ಸ್ಪ್ರೇ ಡಬ್ಬಿ ಆಗಲೇ ಆರು ತಂದಾಗಿದೆ ಅಣ್ಣಾ. ವಾಪಸ್ ತಗೊಳ್ತಾನಾ ಅಂತ ಅಂಗಡಿಗೆ ಹೊರಟೆ.