ಮಾಳಿಗೆ ಸೋರುತ್ತದೆ, ಮೋಟರ್ ಬೋರ್ಡ್ ಕೆಡುತ್ತದೆ: ಯಾವ ಕೋಟಿಂಗ್, ಯಾವ ಸೀಲಂಟ್? ನಿಮ್ಮ ಅನುಭವ ಹೇಳಿ

ಜೇವರ್ಗಿ ಕಾಲೋನಿ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಅಪ್ಪ ಕಟ್ಟಿಸಿದ ಮನೆ. ಹಿಂದಿನ ಎರಡು ಕೋಣೆಗೆ ಗರ್ಡರ್ ಮೇಲೆ ಶಹಾಬಾದ್ ಫರ್ಸಿ (ಚಪ್ಪಡಿ ಕಲ್ಲು) ಹಾಸಿದ ಮಾಳಿಗೆ, ಮುಂದಿನ ಹಾಲ್‌ಗೆ ಆರ್‌ಸಿಸಿ. ಫರ್ಸಿ ಸಂದಿನಲ್ಲಿ ಸೋರುತ್ತದೆ, ಆರ್‌ಸಿಸಿ ಕಡೆ ಪ್ಯಾರಾಪೆಟ್ ಬುಡದಲ್ಲಿ ಸೋರುತ್ತದೆ. ಒಟ್ಟು 900 ಚದರಡಿ. ಇನ್ನೊಂದು, ಟ್ಯಾಂಕ್ ಪಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟ್ಯಾಂಕಿನ ನೀರು ನೋಡಿ ಮೋಟರ್ ಚಾಲೂ, ಬಂದ್ ಮಾಡುವ, ನಾನೇ ಮಾಡಿದ ಲೆವೆಲ್ ಕಂಟ್ರೋಲರ್ ಬೋರ್ಡ್ ಇದೆ. ಮಳೆಗಾಲದಲ್ಲಿ ತಾಮ್ರ ಹಸಿರು ಹಿಡಿದು ಮೋಟರ್ ತನ್ನಷ್ಟಕ್ಕೆ ಚಾಲೂ ಆಗುತ್ತದೆ. ಎರಡಕ್ಕೂ ಏನು ಹಚ್ಚಲಿ? ಬಜೆಟ್ 40 ಸಾವಿರ.

ಗಂಜ್ ರಸ್ತೆ (ಕಲಬುರಗಿ)
ತಮ್ಮಾ, ಬಿಳಿ ಡಬ್ಬದ ಕಡೆ ಹೋಗಲೇಬೇಡ. ನಾನು ಹಚ್ಚಿಸಿದ್ದು ಅದೇ, ನೀರಿನಲ್ಲಿ ಕಲಸಿದ ಬಣ್ಣದಂಥ ಅಕ್ರಿಲಿಕ್ ಕೋಟಿಂಗ್. ಲೆಕ್ಕ ಬರೆದಿಟ್ಟಿದ್ದೇನೆ, ಕೇಳು. 20 ಲೀಟರಿನ ಡಬ್ಬ 5,400ರಂತೆ ಮೂರು. ಪ್ರೈಮರ್ 1,350. ಫೈಬರ್ ಜಾಳಿಗೆ 1,100. ಬಿರುಕು ತುಂಬುವ ಪೇಸ್ಟ್ 680. ತಂತಿ ಬ್ರಷ್, ರೋಲರ್ ಸೇರಿ 740. ಕೂಲಿ 9,000. ಚಹಾ, ಗುಟ್ಕಾ ಬೇರೆ. 29 ಸಾವಿರ ದಾಟಿತು. ಅಂಗಡಿಯವನು 7 ವರ್ಷ ಗ್ಯಾರಂಟಿ ಅಂದಿದ್ದ. ಎರಡನೇ ಮಳೆಗಾಲಕ್ಕೇ ಪ್ಯಾರಾಪೆಟ್ ಬುಡದಲ್ಲಿ ಎದ್ದಿತು. ಹಿಡಿದು ಎಳೆದರೆ ಮೊಳದುದ್ದ ಸುಲಿದು ಬರುತ್ತಿತ್ತು, ಹಿಂಬದಿಗೆ ಸಿಮೆಂಟ್ ಪುಡಿ ಅಂಟಿಕೊಂಡಿತ್ತು. ಆ ತುಂಡು ಹಿಡಿದುಕೊಂಡೇ ಅಂಗಡಿಗೆ ಹೋದೆ. ಗ್ಯಾರಂಟಿ ಕಾರ್ಡ್ ತಿರುಗಿಸಿ ಸಣ್ಣ ಅಕ್ಷರ ತೋರಿಸಿದ: ಕಂಪನಿಯವರೇ ಹಚ್ಚಿದ್ದರೆ ಮಾತ್ರ ಅಂತೆ. ದುಡ್ಡು ಎಣಿಸಿಕೊಳ್ಳುವಾಗ ಈ ಅಕ್ಷರ ಅವನಿಗೆ ಕಂಡಿರಲಿಲ್ಲ.

ಸೈಟ್ ಮೇಸ್ಟ್ರು (ಸೇಡಂ ರಸ್ತೆ)
ಹಿಂಬದಿಗೆ ಪುಡಿ ಅಂಟಿತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ಕೋಟಿಂಗ್ ಹಿಡಿದದ್ದು ಪುಡಿಯನ್ನು, ಸ್ಲ್ಯಾಬನ್ನಲ್ಲ. ಪುಡಿ ಉದುರುವ ಗಾರೆ ಕೆರೆಯದೆ ಮೇಲೆ ಹಚ್ಚಿದರೆ ಬಂಗಾರದ ನೀರು ಹಚ್ಚಿದರೂ ಎದ್ದೇ ಏಳುತ್ತದೆ. ಯಾವ ತಿಂಗಳು ಹಚ್ಚಿಸಿದಿರಿ?

ಗಂಜ್ ರಸ್ತೆ
ಮೇ. ಮಳೆಗಾಲಕ್ಕೆ ಮುಂಚೆ ಅಲ್ಲದೆ ದೀಪಾವಳಿಗೆ ಹಚ್ಚಿಸಬೇಕಿತ್ತೇನು?

ಸೈಟ್ ಮೇಸ್ಟ್ರು
ಮೇ ಮಧ್ಯಾಹ್ನ ನಮ್ಮ ಸ್ಲ್ಯಾಬ್ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುತ್ತದಾ? ಅಂಥ ಕಾದ ಸ್ಲ್ಯಾಬ್ ಮೇಲೆ ನೀರಿನ ಕೋಟಿಂಗ್ ಎಳೆದರೆ ಮೇಲಿನ ಪದರ ತಕ್ಷಣ ಒಣಗಿ ಚರ್ಮ ಕಟ್ಟುತ್ತದೆ, ಒಳಗೆ ಹಸಿ ಉಳಿದು ಗುಳ್ಳೆ ಏಳುತ್ತದೆ. ಬೆಳಗಿನ ಜಾವ ಇಲ್ಲ ಸಂಜೆ ಹಚ್ಚಬೇಕು. ಮುಂಚೆ ನೀರು ಚಿಮುಕಿಸಿ ತಂಪು ಮಾಡಿ, ನೀರು ನಿಂತಿರದ ಹಾಗೆ ನೋಡಿಕೊಂಡು. ನಿಮ್ಮ ಹುಡುಗರು 11 ಗಂಟೆಗೆ ಬಂದು 4ಕ್ಕೆ ಹೋಗಿರುತ್ತಾರೆ, ಬೇಕಾದರೆ ಬರೆದು ಕೊಡುತ್ತೇನೆ.

ಗಂಜ್ ರಸ್ತೆ
ಬರೆದು ಕೊಡಿ, ಫ್ರೇಮ್ ಹಾಕಿಸಿ ಇಡುತ್ತೇನೆ. ನನ್ನ 29 ಸಾವಿರ ಯಾರು ಕೊಡುತ್ತಾರೆ ಅದನ್ನೂ ಅದರಲ್ಲೇ ಬರೆಯಿರಿ.

ಫರ್ಸಿಮನಿ ಕಾಕಾ (ಶಹಾಬಾದ್)
ಈ ಡಬ್ಬ, ಕೆಮಿಕಲ್ಲು ಎಲ್ಲ ಈಚೆಗೆ ಬಂದದ್ದು. ನಮ್ಮ ಮನೆಗೆ ನಮ್ಮಪ್ಪ ಗಚ್ಚು ಹಾಕಿಸಿದ್ದರು. ಸುಣ್ಣ, ಇಟ್ಟಿಗೆ ಚೂರು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಹೆಣ್ಣುಮಕ್ಕಳು ಸಾಲಾಗಿ ಕೂತು ಕಟ್ಟಿಗೆಯ ಬಡಿಗೆಯಿಂದ ಕುಟ್ಟುತ್ತಿದ್ದರು, ಬಡಿಗೆ ಪುಟಿದು ಮೇಲೆ ಬರುವ ತನಕ. ಇವತ್ತಿಗೂ ಒಂದು ಹನಿ ಸೋರಿಲ್ಲ. ಈಗ ಹಾಗೆ ಕುಟ್ಟುವ ಗೌಂಡಿಗಳು ಸಿಗುವುದೇ ಕಷ್ಟ. ಮೊನ್ನೆ ಒಬ್ಬ ಚದರಡಿಗೆ 160 ಕೇಳಿದ, ಅದೂ ಬೆಲ್ಲ ನಾವೇ ಕೊಟ್ಟರೆ. ಆದರೂ ಹಾಕಿಸುವುದಾದರೆ ಅದೇ ಹಾಕಿಸು.

ಸೈಟ್ ಮೇಸ್ಟ್ರು
ಕಾಕಾ, ನಿಮ್ಮ ಮಾತಿಗೆ ಇಲ್ಲ ಅನ್ನುವುದಿಲ್ಲ. ಆದರೆ ಭಾರ ಲೆಕ್ಕ ಹಾಕಿ. 10 ಸೆಂಟಿಮೀಟರ್ ಗಚ್ಚು ಅಂದರೆ ಚದರ ಮೀಟರಿಗೆ ಸುಮಾರು 190 ಕಿಲೋ. 900 ಚದರಡಿಗೆ 16 ಟನ್ ಹತ್ತಿರ ಹೋಗುತ್ತದೆ. ಹಳೇ ಗರ್ಡರ್, ತುಕ್ಕು ಎಷ್ಟು ತಿಂದಿದೆಯೋ ಗೊತ್ತಿಲ್ಲ, ಅದರ ಮೇಲೆ ಎರಡಿಂಚಿನ ಫರ್ಸಿ. ಸೋರುವುದು ನಿಂತು ಮಾಳಿಗೆಯೇ ಕೆಳಗೆ ಬಂದರೆ?

ಫರ್ಸಿಮನಿ ಕಾಕಾ
ನಮ್ಮ ಮಾಳಿಗೆ ಬಿದ್ದಿಲ್ಲ. ನೀವು ಕಟ್ಟಿದ ಸ್ಲ್ಯಾಬು ಸೋರುತ್ತಿವೆ. ಅಷ್ಟೇ ಹೇಳುತ್ತೇನೆ.

ಕೆಂಪುಕಲ್ಲು ಅಕ್ಕ (ಬೀದರ್)
ನಾನು ಪಾಲಿಯುರೆಥೇನ್ (ಪಿಯು) ಕೋಟಿಂಗ್ ಹಾಕಿಸಿದೆ. 650 ಚದರಡಿ, 85ರಂತೆ 55,250. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 9,945. ಒಟ್ಟು 65,195. ಈ ಅಂಕಿ ನನ್ನ ತಲೆಯಲ್ಲಿ ಅಚ್ಚಾಗಿ ಕೂತಿದೆ, ಮನೆಯವರು ವಾರಕ್ಕೊಮ್ಮೆ ನೆನಪಿಸುತ್ತಾರೆ. ಬಂದವನು ಗುತ್ತಿಗೆದಾರ, ಹೆಸರು ಬೇಡ. ಮಳೆ ನಿಂತ ಮಾರನೇ ದಿನವೇ ಶುರು ಮಾಡಿದ. ಸ್ಲ್ಯಾಬ್ ಒಳಗೆ ಇನ್ನೂ ಹಸಿ ಇದೆ, ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ರಾತ್ರಿ ಬಿಟ್ಟು ನೋಡೋಣ, ಕೆಳಗೆ ಬೆವರಿದರೆ ಹಚ್ಚಬೇಡಿ ಅಂದೆ. ಅಕ್ಕಾರೇ, ನಿಮಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂದ. ಬೇಸಿಗೆ ಬಂತು, ರೊಟ್ಟಿಯಷ್ಟು ಅಗಲದ ಗುಳ್ಳೆ ಎದ್ದವು. ಬಿಳಿ ಬಣ್ಣ ಹಳದಿಯಾಗಿ, ಕೈ ಒರೆಸಿದರೆ ಸುಣ್ಣದ ಪುಡಿ. ಆಮೇಲೆ ತಿಳಿದಿದ್ದು, ಬಿಸಿಲು ತಡೆಯಲು ಮೇಲೆ ಅಲಿಫ್ಯಾಟಿಕ್ ಅನ್ನುವ ಇನ್ನೊಂದು ಪದರ ಬೇಕಂತೆ, ಅದನ್ನು ಅವನು ಹಚ್ಚಿರಲೇ ಇಲ್ಲ. ಇಷ್ಟಾದರೂ ಒಂದು ಮಾತು ಹೇಳುತ್ತೇನೆ, ಗುಳ್ಳೆ ಕೊಯ್ದು ತೇಪೆ ಹಾಕಿಸಿದ ಮೇಲೆ ಒಂದು ಹನಿ ನೀರು ಕೆಳಗೆ ಬಂದಿಲ್ಲ. ಪಿಯು ಕೆಟ್ಟದ್ದು ಅಂತ ಯಾರೂ ಹೇಳಬೇಡಿ.

ಗಂಜ್ ರಸ್ತೆ
ನಿಮ್ಮ ಬೀದರ್ ಎತ್ತರದ ಊರು, ತಂಪು. ಕಲಬುರಗಿ ಬಿಸಿಲಿಗೆ ನಿಮ್ಮ ಪಿಯು ಎಷ್ಟು ದಿನ ನಿಲ್ಲುತ್ತದೆ ನೋಡೋಣ.

ಕೆಂಪುಕಲ್ಲು ಅಕ್ಕ
ಬಿಸಿಲು ನಿಮ್ಮೂರಿಗೆ ಮಾತ್ರ ಗುತ್ತಿಗೆ ಕೊಟ್ಟಿದ್ದಾರಾ? ನಿಮ್ಮದು ಎರಡು ಮಳೆಗಾಲ ನಿಲ್ಲಲಿಲ್ಲ, ನನ್ನದು ನಿಂತಿದೆ.

ಭೀಮಾ ದಂಡೆ (ಅಫಜಲಪುರ)
ನಮ್ಮ ಹಳ್ಳಿ ಮನೆಗೆ ಇನ್ನೂ ಮಣ್ಣಿನ ಮಾಳಿಗೆ. ಮುಂಗಾರಿಗೆ ಮುಂಚೆ ಕರಲು ಮಣ್ಣು ಹಾಕಿ ತುಳಿಯುತ್ತೇವೆ. ಒಂದು ಟ್ರ್ಯಾಕ್ಟರ್ ಮಣ್ಣು, ಎರಡು ಆಳು, ಮುಗಿಯಿತು. 65 ಸಾವಿರ ಕೇಳಿ ನಗು ಬಂತು.

ಕೆಂಪುಕಲ್ಲು ಅಕ್ಕ
ನಗಿ. ಪ್ರತಿ ವರ್ಷ ತುಳಿಯುವುದು ಯಾರು, ನೀವಾ, ಮನೆ ಹೆಣ್ಣುಮಕ್ಕಳಾ?

ಸೋಲ್ಡರ್ ಕಾಕಾ (ಯಾದಗಿರಿ)
ಬೋರ್ಡಿನ ಬಗ್ಗೆ ಒಬ್ಬರೂ ಮಾತಾಡಿಲ್ಲ. ನಾನು ಶಹಾಪುರ, ಸುರಪುರ ಕಡೆಯ ಪಂಪ್‌ಸೆಟ್ ಆಟೋ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಹಸಿರು ಹಿಡಿದ ಬೋರ್ಡು ನನ್ನ ಮೇಜಿನ ಮೇಲೆ ದಿನವೂ ಇರುತ್ತದೆ. ಬಹಳ ಸಲ ಕಾರಣ ಮಳೆಯಲ್ಲ, ಸಿಲಿಕೋನ್. ಬಾತ್‌ರೂಮಿಗೆ ಹಚ್ಚುವ ಟ್ಯೂಬ್ ತಂದು ಡಬ್ಬಿ ತುಂಬ ಹಿಂಡುತ್ತಾರೆ. ಮೂಗಿನ ಹತ್ತಿರ ಹಿಡಿದರೆ ವಿನೆಗರ್ ವಾಸನೆ ಬರುತ್ತದೆ ಅಲ್ವಾ, ಅದು ಅಸಿಟಿಕ್ ಆ್ಯಸಿಡ್, ಗಟ್ಟಿಯಾಗುವಾಗ ಹೊರಗೆ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ತಗೊಳ್ಳಿ, ಅದರಲ್ಲೂ ಆಲ್ಕಾಕ್ಸಿ ಜಾತಿಯದ್ದು. ಆಕ್ಸೈಮ್ ಜಾತಿಯದ್ದು ನ್ಯೂಟ್ರಲ್ ಅಂತಲೇ ಮಾರುತ್ತಾರೆ, ಅದೂ ತಾಮ್ರಕ್ಕೆ ಒಳ್ಳೆಯದಲ್ಲ.

ಬೋರ್ಡಿಗೆ ಹಚ್ಚಬೇಕಾದದ್ದು ಕನ್ಫಾರ್ಮಲ್ ಕೋಟಿಂಗ್, ಅಂದರೆ ಬೋರ್ಡಿನ ಮೇಲೆ ತೆಳ್ಳಗೆ ಅಂಟಿ ಕೂರುವ ಪದರ. ಅಕ್ರಿಲಿಕ್ ಸಾಕು. ಸ್ಪ್ರೇ ಡಬ್ಬಿ ನನಗೆ 950ಕ್ಕೆ ಬಿತ್ತು, ಕೊರಿಯರ್ 120. ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್, ಫ್ಲಕ್ಸ್ (ಬೆಸುಗೆಗೆ ಹಚ್ಚಿದ ಅಂಟು) ಪೂರ್ತಿ ಹೋಗುವ ತನಕ ತಿಕ್ಕಬೇಕು. ಫ್ಲಕ್ಸ್ ಮೇಲೆ ಕೋಟಿಂಗ್ ಹಾಕಿದರೆ ತೇವ ಒಳಗೇ ಕೂತು ಬೋರ್ಡಿನ ಎರಡು ತಾಮ್ರದ ಗೆರೆ (ಟ್ರ್ಯಾಕ್) ನಡುವೆ ಕರೆಂಟ್ ಸೋರುತ್ತದೆ, ಮೋಟರ್ ತನ್ನಷ್ಟಕ್ಕೆ ಚಾಲೂ ಆಗುವುದು ಹಾಗೆಯೇ. ಕನೆಕ್ಟರ್, ಪ್ರಿಸೆಟ್ (ತಿರುಗಿಸಿ ಹೊಂದಿಸುವ ಸಣ್ಣ ಸ್ಕ್ರೂ ಭಾಗ), ಬಾಯಿ ತೆರೆದ ರಿಲೇ, ಬಜರ್, ಇವಕ್ಕೆ ಟೇಪ್ ಸುತ್ತಿ. ತೆಳ್ಳಗೆ ಎರಡು ಸಲ, ನಡುವೆ ಒಣಗಲು ಬಿಟ್ಟು. ಕೆಲವು ಕೋಟಿಂಗಲ್ಲಿ ಹೊಳೆಯುವ ಅಂಶ ಇರುತ್ತದೆ, ನೋಟು ಪರೀಕ್ಷೆ ಮಾಡುವ ನೇರಳೆ ಲೈಟ್ ಹಿಡಿದರೆ ಎಲ್ಲಿ ಬಿಟ್ಟುಹೋಗಿದೆ ಕಾಣುತ್ತದೆ. ಐಸಿ ಕಾಲಿನ ಸಂದು ಸಾಮಾನ್ಯವಾಗಿ ಕಪ್ಪಾಗಿ ಉಳಿದಿರುತ್ತದೆ.

ರಿಂಗ್ ರೋಡ್ ಡಿಪ್ಲೊಮಾ (ಕಲಬುರಗಿ)
950 ಯಾಕೆ ಕಾಕಾ, 30 ರೂಪಾಯಿ ನೇಲ್ ಪಾಲಿಶ್ ಸಾಕು. ನಮ್ಮ ಗೇಟ್ ಲೈಟ್ ಬೋರ್ಡ್ ಅದರಲ್ಲೇ ನಡೆಯುತ್ತಿದೆ.

ಸೋಲ್ಡರ್ ಕಾಕಾ
ನಿನ್ನ ಗೇಟ್ ಲೈಟ್ ನೆರಳಲ್ಲಿ ಇರಬೇಕು. ನೇಲ್ ಪಾಲಿಶ್ ಬಿಸಿಲಿಗೆ ಹಳದಿಯಾಗಿ ಬಿರಿಯುತ್ತದೆ, ಬಿರುಕಿನೊಳಗೆ ನೀರು ಹೋಗಿ ಅಲ್ಲೇ ನಿಲ್ಲುತ್ತದೆ. ಅದಕ್ಕಿಂತ ಏನೂ ಹಚ್ಚದೆ ಬಿಡುವುದು ಮೇಲು.

ರಿಂಗ್ ರೋಡ್ ಡಿಪ್ಲೊಮಾ
ಹಾಗಾದರೆ ಪೂರ್ತಿ ಎಪಾಕ್ಸಿ ಸುರಿದು ಬಿಡಿ. ತಲೆನೋವೇ ಇಲ್ಲ.

ಸೋಲ್ಡರ್ ಕಾಕಾ
ತಲೆನೋವು ನಿನಗಿಲ್ಲ, ನನಗಿದೆ. ಎಪಾಕ್ಸಿ ಸುರಿದ ಬೋರ್ಡ್ ತಂದು ರಿಪೇರಿ ಮಾಡಿ ಅನ್ನುವುದು, ಚಟ್ನಿ ತಂದು ಕಾಯಿ ಮಾಡಿಕೊಡಿ ಅಂದ ಹಾಗೆ. 20 ರೂಪಾಯಿಯ ಕೆಪಾಸಿಟರ್ ಹೋದರೂ 1,800ರ ಬೋರ್ಡ್ ಎಸೆಯಬೇಕು. ಅಕ್ರಿಲಿಕ್ ಆದರೆ ಥಿನ್ನರ್ ಒರೆಸಿ ತೆಗೆದು ಬೆಸುಗೆ ಹಾಕಬಹುದು. ಇನ್ನೊಂದು, ಈ ಹುಡುಗ ಟ್ಯಾಂಕಿಗೆ ಇಳಿಬಿಟ್ಟ ಕಡ್ಡಿಗಳಿಗೆ ಡಿಸಿ ಕೊಟ್ಟಿದ್ದರೆ ಅವು ಕರಗಿ ಹೋಗುತ್ತವೆ. ಅದಕ್ಕೆ ಜಗತ್ತಿನ ಯಾವ ಕೋಟಿಂಗೂ ಇಲ್ಲ.

ಭೀಮಾ ದಂಡೆ
ಕಾಕಾ, ಕೋಟಿಂಗ್ ಎಲ್ಲ ಮೇಜಿನ ಮೇಲೆ ಚಂದ. 2020ರ ಅಕ್ಟೋಬರ್‌ನಲ್ಲಿ ಭೀಮೆ ತುಂಬಿ ಬಂದಾಗ ನಮ್ಮ ಪ್ಯಾನೆಲ್ ಬೋರ್ಡ್ ಪೂರ್ತಿ ಮುಳುಗಿತು. ಒಳಗಿನ ಬೋರ್ಡಿಗೆ ನೀವು ಹೇಳುವ ಕೋಟಿಂಗ್ ಇತ್ತು. ಏನು ಉಳಿಯಿತು? ಕಾಂಟ್ಯಾಕ್ಟರ್ ಒಳಗೆ ರಾಡಿ, ಟರ್ಮಿನಲ್ ಒಳಗೆ ರಾಡಿ. ಸ್ಟಾರ್ಟರ್ 7,200, ಕೇಬಲ್ 4,600, ಮೋಟರ್ ರಿವೈಂಡಿಂಗ್ 5,500. ಆಮೇಲೆ ಹೊಸ ಪೆಟ್ಟಿಗೆಗೆ ಸುತ್ತಲೂ ಸೀಲಂಟ್ ಹಚ್ಚಿ ಗಾಳಿ ಆಡದ ಹಾಗೆ ಮಾಡಿ ಕೊಟ್ಟ ಎಲೆಕ್ಟ್ರಿಷಿಯನ್. ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ, ಬೆಳಿಗ್ಗೆ ತೆರೆದರೆ ಮುಚ್ಚಳದ ಒಳಗಡೆ ಹನಿ ಹನಿ ನೀರು. ಹೊರಗಿಂದ ಬಂದದ್ದಲ್ಲ, ಒಳಗೇ ಹುಟ್ಟಿದ್ದು. ಈಗ ಕೆಳಗೆ ಸಣ್ಣ ತೂತು ಕೊರೆದು ತಂತಿ ಜಾಳಿಗೆ ಅಂಟಿಸಿದ್ದೇನೆ. ಜಾಳಿಗೆ ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತವೆ.

ಸೋಲ್ಡರ್ ಕಾಕಾ
ಕನ್ಫಾರ್ಮಲ್ ಕೋಟಿಂಗ್ ತೇವಕ್ಕೆ, ಧೂಳಿಗೆ. ಹೊಳೆಯಲ್ಲಿ ಮುಳುಗಿಸುವುದಕ್ಕಲ್ಲ. ಛತ್ರಿ ಹಿಡಿದು ಈಜಿದರೆ ಛತ್ರಿಯದ್ದು ತಪ್ಪಾ? ತೂತು ಕೆಳಗೆ ಅಂದದ್ದು ಮಾತ್ರ ಸರಿ. ಕೇಬಲ್ ಕೂಡ ಕೆಳಗಿನಿಂದಲೇ ಒಳಗೆ ಹೋಗಬೇಕು, ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಹಿಡಿಯುವ ಬಿರಡೆ) ಹಾಕಿ. ಮೇಲಿಂದ ಬಿಟ್ಟರೆ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತದೆ.

ಜೇವರ್ಗಿ ಕಾಲೋನಿ
ಕಾಕಾ, ಥ್ಯಾಂಕ್ಸ್. ವಿನೆಗರ್ ವಾಸನೆಯದ್ದೇ ಇತ್ತು, ಅಂಗಡಿಯವರೇ ಅದನ್ನು ಕೊಟ್ಟಿದ್ದರು. ಮಾಳಿಗೆಗೆ ಏನು ಅಂತ ಯಾರಾದರೂ ಹೇಳಿ.

ಸೈಟ್ ಮೇಸ್ಟ್ರು
ಹೇಳುತ್ತೇನೆ, ನಡುವೆ ಯಾರೂ ಬರಬೇಡಿ. ನಮ್ಮ ಕಡೆ ಮಾಳಿಗೆ ಕೆಡಿಸುವುದು ಮಳೆಗಿಂತ ಬಿಸಿಲು. 10 ಮೀಟರ್ ಕಾಂಕ್ರೀಟ್ 40 ಡಿಗ್ರಿ ಏರಿಳಿದರೆ ಸುಮಾರು 4 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಕಬ್ಬಿಣದ ಗರ್ಡರ್ ಸ್ವಲ್ಪ ಜಾಸ್ತಿ, ಫರ್ಸಿ ಕಡಿಮೆ. ಹೀಗಾಗಿ ಸಂದು ದಿನವೂ ಎಳೆದಾಡುತ್ತದೆ. ಅಲ್ಲಿ ಬಿಳಿ ಸಿಮೆಂಟ್ ತುಂಬಿದರೆ ಒಂದು ಬೇಸಿಗೆಯೂ ಬಾಳದು. ಸಂದು ಬಿಡಿಸಿ, ಧೂಳು ಊದಿ, ಫೋಮ್ ಹಗ್ಗ ತುರುಕಿ, ಮೇಲೆ ಪಿಯು ಸೀಲಂಟ್. ಅಗಲ ಎಷ್ಟೋ ಆಳ ಅದರ ಅರ್ಧ. ಕೆಳಗಿನ ಕಲ್ಲಿಗೆ ಅಂಟಬಾರದು, ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು, ಆಗಲೇ ಅದು ರಬ್ಬರಿನಂತೆ ಎಳೆಯುತ್ತದೆ. ಸಿಲಿಕೋನ್ ಬೇಡ, ಅದರ ಮೇಲೆ ಯಾವ ಕೋಟಿಂಗೂ ಹಿಡಿಯುವುದಿಲ್ಲ. 600 ಎಂಎಲ್ ಕೊಳವೆ 480ರ ಆಸುಪಾಸು, ಇಪ್ಪತ್ತಾದರೂ ಬೇಕು. ಪ್ಯಾರಾಪೆಟ್ ಬುಡಕ್ಕೆ ಗೋಲಾ (ಮೂಲೆ ತುಂಬುವ ಗಾರೆಯ ದುಂಡು ಅಂಚು) ಕಟ್ಟಿಸಿ, ಜಾಳಿಗೆ ಕೊಟ್ಟು, ಆಮೇಲೆ ಅಕ್ರಿಲಿಕ್.

ಗಂಜ್ ರಸ್ತೆ
ಸುತ್ತಿ ಬಳಸಿ ಅಕ್ರಿಲಿಕ್ಕಿಗೇ ಬಂದಿರಿ!

ಸೈಟ್ ಮೇಸ್ಟ್ರು
ಸಂದು, ಮೂಲೆ ಸರಿಮಾಡಿ ಮೇಲೆ ಹಚ್ಚಿದರೆ ಅಕ್ರಿಲಿಕ್ ಸಾಕು ಅಂತ ನಾನು ಹೇಳುತ್ತಿರುವುದು. ನೀವು ಧೂಳಿನ ಮೇಲೆ ಹಚ್ಚಿಸಿ ಡಬ್ಬಕ್ಕೆ ಬೈಯುತ್ತೀರಿ.

ಕೆಂಪುಕಲ್ಲು ಅಕ್ಕ
ಡಾಂಬರ್ ಶೀಟ್ ಯಾಕೆ ಹೇಳಲಿಲ್ಲ ಮೇಸ್ಟ್ರೇ? ಬೆಂಕಿ ಹಿಡಿದು ಅಂಟಿಸುವುದು. ನಮ್ಮ ತಮ್ಮನ ಮನೆಗೆ ಹಾಕಿಸಿದ್ದಾರೆ, ಚದರಡಿಗೆ 52.

ಸೈಟ್ ಮೇಸ್ಟ್ರು
ನೀರಿಗೆ ಒಳ್ಳೆಯದೇ. ಆದರೆ ಕಪ್ಪು ಹಾಳೆ ಹಾಗೇ ತೆರೆದು ಬಿಟ್ಟರೆ ಕೆಳಗಿನ ಕೋಣೆ ತಂದೂರ್ ಆಗುತ್ತದೆ. ಅಲ್ಯೂಮಿನಿಯಂ ಹಾಳೆ ಇರುವುದು ಬೇಕು, ಇಲ್ಲವೆ ಮೇಲೆ ಬಿಳಿ ಬಳಿಯಬೇಕು.

ಫರ್ಸಿಮನಿ ಕಾಕಾ
ಬಿಳಿ ಬಳಿದರೆ ನಮ್ಮ ಕಡೆ ಸಿಮೆಂಟ್ ಫ್ಯಾಕ್ಟರಿ ಧೂಳಿಗೆ ನಾಲ್ಕು ತಿಂಗಳಲ್ಲಿ ಬೂದಿ ಬಣ್ಣ. ತೊಳೆಯಲು ನೀರು ಎಲ್ಲಿದೆ?

ಕೆಂಪುಕಲ್ಲು ಅಕ್ಕ
ಹೊಳಪು ಉಳಿಸುವ ವಿಷಯ ಬಂತು ಅಂತ ಕೇಳುತ್ತೇನೆ. ಮನೆಯಲ್ಲಿ ಬಿದ್ರಿ ಹೂದಾನಿಗೆ ನಮ್ಮ ಮಗ ಸ್ಪ್ರೇ ಲ್ಯಾಕರ್ ಹೊಡೆದ, ಕಪ್ಪು ಬಣ್ಣ ಮಂಕಾಯಿತು. ಕುಶಲಕರ್ಮಿಯೊಬ್ಬರು ನೋಡಿ ಬೇಸರ ಮಾಡಿಕೊಂಡರು. ಆ ಕಪ್ಪು ಬಣ್ಣ ಕೋಟೆಯ ಮಣ್ಣು, ನವಸಾಗರ ಸೇರಿ ಸತುವಿನ ಮೇಲೆ ಬಂದದ್ದು, ಎಣ್ಣೆ ಸವರಿದರೆ ಸಾಕಿತ್ತು ಅಂದರು. ಲ್ಯಾಕರ್ ತೆಗೆಯುವುದು ಹೇಗೆ?

ಸೋಲ್ಡರ್ ಕಾಕಾ
ಥಿನ್ನರ್. ಮೊದಲು ತಳದ ಒಂದು ಮೂಲೆಯಲ್ಲಿ ಒರೆಸಿ ನೋಡಿ. ಬೆಳ್ಳಿ ಗೆರೆ ಹತ್ತಿರ ಮರಳು ಕಾಗದ ಮುಟ್ಟಿಸಬೇಡಿ.

ಗಂಜ್ ರಸ್ತೆ
ಜೇವರ್ಗಿ ಕಾಲೋನಿ ತಮ್ಮಾ, ಹೇಗೂ ಅಕ್ರಿಲಿಕ್ ಹಚ್ಚುತ್ತೀ ಅಂದರೆ ನನ್ನ ಹತ್ತಿರ ಪ್ರೈಮರ್ ಅರ್ಧ ಡಬ್ಬ ಉಳಿದಿದೆ. 500 ಕೊಟ್ಟು ತಗೊಂಡು ಹೋಗು.

ಸೈಟ್ ಮೇಸ್ಟ್ರು
ಮುಚ್ಚಳ ತೆರೆದು ಎರಡು ಬೇಸಿಗೆ ಆಯಿತು. ಕೋಲು ಹಾಕಿ ತಿರುಗಿಸಿ ನೋಡು ತಮ್ಮಾ, ಮೊಸರಿನಂತೆ ಗಡ್ಡೆ ಬಂದಿದ್ದರೆ ತಗೋಬೇಡ.

ಗಂಜ್ ರಸ್ತೆ
ನಿಮ್ಮನ್ನು ಯಾರು ಕೇಳಿದರು? 400 ಕೊಡು.