ಸುರಿನಾಮಿ ಹಿಂದೂಸ್ತಾನಿ ಮನೆತನ: ಹೇಗ್‌ನಿಂದ ಮೂಲ ಊರಿನ ತನಕ ದಾಖಲೆ ಹುಡುಕೋದು ಹೇಗೆ?

ಕಾಲುವೆದಂಡೆ:
ಯಜಮಾನರು ಹುಟ್ಟಿದ್ದು ಹೇಗ್‌ನಲ್ಲಿ, ಡಚ್ ಪಾಸ್‌ಪೋರ್ಟ್. ಮಾವ ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮ್‌ನ ರಾಜಧಾನಿ ಪಾರಾಮಾರಿಬೋದವರು, 1975ರಲ್ಲಿ ಅದು ಸ್ವತಂತ್ರವಾಗೋ ಹೊತ್ತಿಗೆ ಇಲ್ಲಿಗೆ, ನೆದರ್‌ಲ್ಯಾಂಡ್ಸ್‌ಗೆ ಬಂದವರು. ಅವರ ಹಿರಿಯರು ಕಲ್ಕತ್ತದಲ್ಲಿ ಹಡಗು ಹತ್ತಿದ್ದರು ಅನ್ನೋದಷ್ಟೇ ಮನೆಯಲ್ಲಿ ಗೊತ್ತು. ಊರು ಯಾವುದು ಅಂತ ಪತ್ತೆ ಹಚ್ಚಿ, ಆ ಮೂಲದ ಮೇಲೇ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡೋ ಕಾರ್ಡ್) ಮಾಡಿಸಬೇಕು. ನ್ಯಾಷನಾಲ್ ಆರ್ಖೀಫ್‌ನ (ಡಚ್ ರಾಷ್ಟ್ರೀಯ ಪತ್ರಾಗಾರ) ವೆಬ್‌ಸೈಟಿನಲ್ಲಿ ಮನೆತನದ ಹೆಸರು ಹಾಕಿದರೆ ಏನೂ ಸಿಗ್ತಿಲ್ಲ.

ಹಳೇಕಡತ:
ಮನೆತನದ ಹೆಸರಿಂದ ಹುಡುಕಿದರೆ ಸಿಗಲ್ಲ. ತೋಟದ ಕೂಲಿಗೆ ಭಾರತದಿಂದ ಸುರಿನಾಮ್‌ಗೆ ಕರಾರಿನ ಮೇಲೆ ಬಂದವರಿಗೆ ಸಾಮಾನ್ಯವಾಗಿ ಒಂದೇ ಹೆಸರು: ರಾಮದೀನ್, ಸುಖು, ಜುಮನ್. ಮಕ್ಕಳ ಕಾಲಕ್ಕೆ ಅಪ್ಪನ ಹೆಸರೇ ಮನೆತನದ ಹೆಸರಾಯಿತು. ಹಾಗಾಗಿ ಕೆಳಗಿಂದ ಮೇಲಕ್ಕೆ ಹೋಗಿ. ಮಾವನ ಜನನ ಪತ್ರ, ಅವರಪ್ಪನದು, ಅಜ್ಜನದು ಹೀಗೆ ಒಂದೊಂದಾಗಿ ಪಾರಾಮಾರಿಬೋದ ಸಿಬಿಬಿ (ಜನನ-ಮರಣ ನೋಂದಣಿ) ಕಚೇರಿಯಿಂದ ತರಿಸಿ. ಹಳೇ ನಮೂದಿನಲ್ಲಿ ಹೆಸರಿನ ಪಕ್ಕ ಕರಾರು ನಂಬರ್ ಇದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನಂಬರ್ ಇಲ್ಲದಿದ್ದರೆ ಕಾಗುಣಿತದ ಜೊತೆ ಗುದ್ದಾಡಬೇಕು. ಡಚ್ಚರು 'ಉ'ಗೆ ಓ-ಇ, 'ಜ'ಗೆ ಡಿ-ಜೆ, 'ಚ'ಗೆ ಟಿ-ಜೆ, 'ಯ'ಗೆ ಬರೀ ಜೆ ಬರೀತಾರೆ. ಇಂಗ್ಲಿಷ್ ಕಾಗುಣಿತದಲ್ಲೂ ಒಮ್ಮೆ, ಡಚ್ ಕಾಗುಣಿತದಲ್ಲೂ ಒಮ್ಮೆ ಹುಡುಕಿ. ತಾಯಿಯ ಹೆಸರನ್ನೂ ಬಿಡಬೇಡಿ. ಬರೀ ಪಂಡಿತರೋ ಮೌಲ್ವಿಯೋ ಮಾಡಿಸಿದ ಮದುವೆಗೆ 1940ರ ದಶಕದವರೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಎಷ್ಟೋ ಮಕ್ಕಳು ತಾಯಿಯ ಹೆಸರಲ್ಲೇ ದಾಖಲಾಗಿದ್ದಾರೆ.

1873ರ ಜೂನ್ 5ಕ್ಕೆ ಲಲ್ಲಾ ರೂಖ್ ಹಡಗು ಬಂದಲ್ಲಿಂದ 1916ರವರೆಗೆ 34 ಸಾವಿರಕ್ಕೂ ಹೆಚ್ಚು ಜನ ಬಂದರು. ಒಂದೇ ಹೆಸರಿನವರು ಹತ್ತಾರು ಮಂದಿ ಸಿಗ್ತಾರೆ. ವಯಸ್ಸು, ಹಡಗು, ದುಡಿದ ತೋಟ (ಮಾರಿಯೆನ್‌ಬರ್ಗ್ ಥರದ್ದು) ಮೂರೂ ತಾಳೆಯಾಗದೆ ಯಾರನ್ನೂ ನಿಮ್ಮವರು ಅಂತ ಒಪ್ಪಿಕೊಳ್ಳಬೇಡಿ.

ಗಂಗಾತೀರ:
ಸರಿಯಾದ ನಮೂದು ಸಿಕ್ಕರೆ ತಂದೆಯ ಹೆಸರು, ಜಾತಿ, ಹಳ್ಳಿ, ಠಾಣೆ, ಜಿಲ್ಲೆ ಎಲ್ಲ ಅದರಲ್ಲೇ ಇರುತ್ತೆ. ಆದರೆ ಆ ಜಿಲ್ಲೆಯನ್ನು ಈಗಿನ ನಕಾಶೆಯಲ್ಲಿ ನೇರ ಹುಡುಕಬೇಡಿ. ಶಾಹಾಬಾದ್ ಈಗ ಭೋಜಪುರ, ರೋಹ್ತಾಸ್, ಬಕ್ಸರ್, ಕೈಮೂರ್ ಅಂತ ನಾಲ್ಕಾಗಿದೆ. ಬಸ್ತಿಯಿಂದ ಸಿದ್ಧಾರ್ಥನಗರ, ಸಂತ ಕಬೀರ್ ನಗರ ಬೇರೆಯಾದವು. ಆಜಂಗಢದ ಒಂದು ಭಾಗ ಮವೂ, ಸಾರಣದಿಂದ ಹೊರಬಂದವು ಸಿವಾನ್, ಗೋಪಾಲಗಂಜ್. ಫೈಜಾಬಾದ್ 2018ರಿಂದ ಅಯೋಧ್ಯೆ. ಮೊದಲು ಠಾಣೆಯನ್ನು ಗುರುತಿಸಿ, ಆಮೇಲೆ ಅದರ ಸುತ್ತ ಹಳ್ಳಿ ನೋಡಿ. ರಾಮ್‌ಪುರ್ ಅನ್ನೋ ಹಳ್ಳಿ ಒಂದೊಂದು ಜಿಲ್ಲೆಯಲ್ಲೂ ಬೇಕಾದಷ್ಟಿವೆ.

ಅರ್ಜಿಗುಮಾಸ್ತ:
ಮೂಲದ ಮೇಲೆ ಒಸಿಐ ಸಾಮಾನ್ಯವಾಗಿ ಮುತ್ತಜ್ಜನ ತನಕ, ಅಂದರೆ ನಾಲ್ಕನೇ ತಲೆಮಾರಿಗೆ ನಿಲ್ಲುತ್ತೆ. ಸುರಿನಾಮಿಗಳಿಗೆ ಅದನ್ನು ಆರನೇ ತಲೆಮಾರಿಗೆ ವಿಸ್ತರಿಸಿದ್ದನ್ನು ರಾಷ್ಟ್ರಪತಿ ಮುರ್ಮು 2023ರ ಜೂನ್‌ನಲ್ಲಿ ಪಾರಾಮಾರಿಬೋದಲ್ಲೇ ಘೋಷಿಸಿದರು. ನಿಮ್ಮವರದು ಡಚ್ ಪಾಸ್‌ಪೋರ್ಟ್ ಆದ್ದರಿಂದ, ದುಡ್ಡು ಕಟ್ಟೋ ಮೊದಲು ಹೇಗ್‌ನ ರಾಯಭಾರ ಕಚೇರಿಯಿಂದ ಬೇಕಾದ ದಾಖಲೆಗಳ ಪಟ್ಟಿಯನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಶುಲ್ಕ 275 ಡಾಲರ್, ಯೂರೋದಲ್ಲಿ ಕಟ್ಟಬೇಕು.

ಅರ್ಜಿ ಎಡವೋದು ಹೆಚ್ಚಾಗಿ ನಡುವಿನ ಕೊಂಡಿಯಲ್ಲಿ. ಒಂದು ತಲೆಮಾರಿನ ಜನನ ಪತ್ರ ಇಲ್ಲದಿದ್ದರೂ, ಅಪ್ಪನ ಪತ್ರದಲ್ಲೊಂದು ಮಗನ ಪತ್ರದಲ್ಲೊಂದು ಕಾಗುಣಿತ ಇದ್ದರೂ ಸಂಬಂಧ ಸಾಬೀತಾಗಲ್ಲ. ಡಚ್ ಪತ್ರಕ್ಕೆ ಇಲ್ಲಿನ ರೆಕ್ಟ್‌ಬ್ಯಾಂಕ್‌ನಲ್ಲಿ (ಜಿಲ್ಲಾ ನ್ಯಾಯಾಲಯ) ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯೋ ದೃಢೀಕರಣದ ಮುದ್ರೆ, ಸುರಿನಾಮ್‌ ಪತ್ರಕ್ಕೆ ಸುರಿನಾಮ್‌ನಲ್ಲೇ.

ಅಂದಹಾಗೆ, ನೀವು ಭಾರತದ ಪ್ರಜೆಯೋ ಒಸಿಐ ಇರೋರೋ ಆಗಿದ್ದು, ಮದುವೆ ನೋಂದಣಿಯಾಗಿ 2 ವರ್ಷ ದಾಟಿದ್ದರೆ, ಗಂಡ ಅನ್ನೋ ಆಧಾರದ ಮೇಲೇ ಅವರು ಅರ್ಜಿ ಹಾಕಬಹುದು. ಪತ್ರಾಗಾರದ ಅಲೆದಾಟ ತಪ್ಪುತ್ತೆ. ಆದರೆ ವಿಚ್ಛೇದನವಾದರೆ ಆ ಒಸಿಐ ರದ್ದಾಗುತ್ತೆ, ಮೂಲದ ಮೇಲೆ ಸಿಕ್ಕಿದ್ದಕ್ಕೆ ಆ ಭಯವಿಲ್ಲ. ಇನ್ನೊಂದು ಮಾತು: ಹಿರಿಯರ ಹಳ್ಳಿ ಸಿಕ್ಕಿತು ಅಂತ ಅಲ್ಲಿ ಹೊಲ ಕೊಳ್ಳೋಕೆ ಹೋಗಬೇಡಿ. ಒಸಿಐ ಇದ್ದರೂ ಕೃಷಿಭೂಮಿ ಖರೀದಿಗೆ ಅವಕಾಶ ಇಲ್ಲ.